ಬೆರಳಿಗೆಂದು ಹೋದವಳ ಎದೆಯನ್ನು ನೋಡಿದವರಿಗೆ

ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಈ ಭಾನುವಾರಕ್ಕೆ ಒಂದು ವರ್ಷ ತುಂಬಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ನಾನೇ ರಂಗೋಲಿ ಬಿಟ್ಟೆ. ನಾಲ್ಕು ಚುಕ್ಕಿಯ ಸಣ್ಣ ರಂಗೋಲಿ. ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಹಿಡಿದು ಎಳೆ ತಪ್ಪದಂತೆ ಬಿಡುವುದು ಹನ್ನೊಂದು ವರ್ಷಗಳಿಂದ ನನಗೆ ಎಂದೋ ಒಂದು ದಿನ ಸಿಗುವ ಭಾಗ್ಯ. ಕೈ ತೊಳೆದುಕೊಂಡು ಒಳಗೆ ಬಂದಾಗ, ಋಣ ತುಂಬಾ ಇದೆ, ಇಂದಾದರೂ ಬಾಯಿಬಿಟ್ಟು ಹೇಳಬೇಕು ಅನ್ನಿಸಿತು.

ನಾನು ಮಂಡ್ಯದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು. ನಲವತ್ತು ತುಂಬಿದ ವರ್ಷ ರುಮಟಾಯ್ಡ್ ಸಂಧಿವಾತ ಬಂತು, ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ಬಿದ್ದು ಬಾವು ತರುವ ಕಾಯಿಲೆ. ಬೆಳಿಗ್ಗೆ ಎದ್ದರೆ ಒಂದೂವರೆ ಗಂಟೆಯವರೆಗೆ ಗೆಣ್ಣುಗಳು ಮಡಚುತ್ತಿರಲಿಲ್ಲ. ಮುದ್ದೆ ತಿರುವುವ ಕೋಲು ಕೈಯಿಂದ ಜಾರುತ್ತಿತ್ತು, ಸೀಮೆಸುಣ್ಣ ಹಿಡಿದರೆ ಎರಡು ಸಾಲು ಬರೆಯುವಷ್ಟರಲ್ಲಿ ಮಣಿಕಟ್ಟು ಉರಿಯುತ್ತಿತ್ತು. ಒಂದು ಕ್ಲಿನಿಕ್‌ನಲ್ಲಿ ಬರೆದುಕೊಟ್ಟ ನೋವಿನ ಮಾತ್ರೆಗಳ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಅದನ್ನೇ ನುಂಗಿದೆ. ಅದರಲ್ಲಿ ಸ್ಟೀರಾಯ್ಡ್ ಕೂಡ ಇತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ನಮಸ್ಕಾರ ನಮ್ಮ ಬೀದಿಯ ಔಷಧಿ ಅಂಗಡಿಯ ಹುಡುಗನಿಗೆ. ವ್ಯಾಪಾರ ನೋಡಿಕೊಂಡಿದ್ದರೆ ನೀನು ಸುಮ್ಮನೆ ಮಾತ್ರೆ ಎಣಿಸಿ ಕೊಡಬಹುದಿತ್ತಪ್ಪಾ. ಅಂದು ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, ‘ಟೀಚರಮ್ಮ, ಇದನ್ನು ನೀವು ದಿನವೂ ತಿನ್ನುವ ಹಾಗಿಲ್ಲ. ಹೊಟ್ಟೆಗಷ್ಟೇ ಅಲ್ಲ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ಮೈಸೂರಿನಲ್ಲಿ ಸಂಧಿವಾತದ ಡಾಕ್ಟರೇ ಬೇರೆ ಇದ್ದಾರೆ, ಹೋಗಿ ಬನ್ನಿ’ ಎಂದೆ. ನನಗೆ ಕೋಪ ಬಂದಿತ್ತು. ಮೂರು ವಾರ ನಿನ್ನ ಅಂಗಡಿಯ ಕಡೆಗೇ ಬರಲಿಲ್ಲ. ಆ ಕೋಪಕ್ಕೆ ಇಲ್ಲಿ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ.

ಮೈಸೂರಿನ ಆ ವೈದ್ಯೆಗೆ ಎಷ್ಟು ಹೇಳಿದರೂ ಸಾಲದು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಎಂಬ ಸಂಧಿವಾತದ ಔಷಧಿ ಆರಂಭಿಸಿ, ತಪ್ಪಿಯೂ ದಿನಾ ತೆಗೆದುಕೊಳ್ಳಬಾರದು, ಅದು ಜೀವಕ್ಕೇ ಅಪಾಯ ಎಂದು ಮೂರು ಸಲ ನನ್ನ ಬಾಯಿಂದಲೇ ಹೇಳಿಸಿದವರು ಅವರು. ಇವತ್ತಿಗೂ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಬುಧವಾರಕ್ಕೆ ಕೆಂಪು ಸುತ್ತು ಇರುತ್ತದೆ.

ಕೈ ಸುಧಾರಿಸುತ್ತಾ ಬಂತು. ಆದರೂ ನಡುನಡುವೆ ಔಷಧಿ ಬಿಡುತ್ತಿದ್ದೆ, ಬಾವು ಮರಳುತ್ತಿತ್ತು. ಕಳೆದ ವರ್ಷ ಹಾಗೆ ಬಾವು ಜೋರಾದಾಗ ಆ ವೈದ್ಯೆಯ ಬಳಿ ಹೋದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕೈ ಬಿಡದೆಯೇ, ‘ಶಾಲೆಯಲ್ಲಿ ಮೆಟ್ಟಿಲು ಹತ್ತುವಾಗ ಹೇಗಿರುತ್ತದೆ?’ ಎಂದು ಕೇಳಿದರು. ಅದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಹನ್ನೆರಡನೆಯದಕ್ಕೆ ಬಂದಾಗ ಎದೆ ಹಿಡಿದಂತಾಗಿ, ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಗ್ಯಾಸ್ ಎಂದುಕೊಂಡಿದ್ದೆ. ‘ಆರೋಗ್ಯ ಶಿಬಿರದಲ್ಲಿ ಕೊಲೆಸ್ಟ್ರಾಲ್ ನೋಡಿದ್ದರು, ಕಡಿಮೆಯೇ ಇತ್ತು ಮೇಡಂ’ ಎಂದೆ, ಧೈರ್ಯವಾಗಿ.

ಅವರು ನಕ್ಕು ಸುಮ್ಮನಾಗಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕುರ್ಚಿ ಹತ್ತಿರ ಎಳೆದುಕೊಂಡು ಬಿಡಿಸಿ ಹೇಳಿದರು. ನಾನು ಹುಟ್ಟಿದ್ದು ಆಲೆಮನೆಯ ಪಕ್ಕದ ಮನೆಯಲ್ಲಿ. ಕೊಪ್ಪರಿಗೆ ಕುದಿಯಲಿ ಎಂದು ಒಲೆಗೆ ಒಣಸಿಪ್ಪೆ ತುಂಬಿದರೂ, ಬಿಸಿ ಕೊಪ್ಪರಿಗೆಯೊಂದಕ್ಕೇ ತಾಗಿ ನಿಲ್ಲುವುದಿಲ್ಲ, ಆಚೆ ಕೊನೆಯ ಗೋಡೆಯೂ ಕಾದಿರುತ್ತದೆ. ಅವರ ಮಾತು ನನಗೆ ಅರ್ಥವಾದದ್ದು ಹಾಗೆ. ಸಂಧಿವಾತದ ಉರಿಯೂತ ಕೀಲಿನಲ್ಲಿ ಕಾಣಿಸುತ್ತದೆ, ಆದರೆ ಅದನ್ನು ಹೊತ್ತಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ಪ್ರೋಟೀನ್‌ಗಳು ರಕ್ತದಲ್ಲಿ ಮೈತುಂಬ ಓಡಾಡುತ್ತವೆ. ರಕ್ತನಾಳದ ಒಳಪದರವನ್ನು ಅವು ಕೆಡಿಸುತ್ತವೆ. ಅಲ್ಲಿ ಕಟ್ಟಿಕೊಂಡ ಕೊಬ್ಬಿನ ಗಂಟು ಒಡೆಯುವಂತೆಯೂ ಮಾಡುತ್ತವೆ. ನಾವು ಆಗಾಗ ರಕ್ತ ಕೊಟ್ಟು ನೋಡಿಸುವ ಸಿಆರ್‌ಪಿ ಆ ಬೆಂಕಿಯ ಅಳತೆ. ಇನ್ನು ನನ್ನ ಕೊಲೆಸ್ಟ್ರಾಲ್: ಉರಿಯೂತ ಜೋರಾಗಿರುವಾಗ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿದಂತೆ ಕಾಣಬಹುದಂತೆ, ಅಪಾಯ ಮಾತ್ರ ಇಳಿದಿರುವುದಿಲ್ಲ. ನಾನು ನೆಮ್ಮದಿಪಟ್ಟುಕೊಂಡಿದ್ದ ಅಂಕಿ ನೆಮ್ಮದಿಯದ್ದೇ ಆಗಿರಲಿಲ್ಲ.

ನನ್ನ ಚೀಟಿಯ ಹಿಂಬದಿಯಲ್ಲಿ ಅವರು ಪೆನ್ನಿನಿಂದ ಒಂದು ಗುಣಾಕಾರ ಚಿಹ್ನೆ ಹಾಕಿ 1.5 ಎಂದು ಬರೆದರು. ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಧೂಮಪಾನ ಇವುಗಳಿಂದ ಹೃದಯದ ಅಪಾಯವನ್ನು ಲೆಕ್ಕ ಹಾಕುವ ಪಟ್ಟಿಗಳಿವೆಯಲ್ಲ, ಸಂಧಿವಾತ ಇದ್ದವರಿಗೆ ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸಬೇಕು ಎಂದು ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ ಹೇಳುತ್ತದೆ. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಅವರು ಹೇಳಿದ ಇನ್ನೊಂದು ಮಾತನ್ನು ನನ್ನ ಹಾಗಿರುವವರಿಗಾಗಿ ಬರೆಯುತ್ತೇನೆ. ಮಂಡಿ ನೋಯುವವರು ಓಡಾಡುವುದೇ ಕಡಿಮೆ. ಹಾಗಾಗಿ ಹೃದಯಕ್ಕೆ ತನ್ನ ಕಷ್ಟ ತೋರಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಅಕ್ಕತಂಗಿಯರೇ, ಕೈ ತೋರಿಸಲು ಹೋದ ದಿನವೇ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ವಿಷಯವನ್ನೂ ಕೇಳಿಕೊಂಡು ಬನ್ನಿ. ಎದೆ ಹಿಡಿದರೆ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಲ್ಲಬೇಡಿ.

ಅದೇ ವಾರ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋದೆವು. ಟ್ರೆಡ್‌ಮಿಲ್ ಮೇಲೆ ನಡೆಯುವುದು ನನ್ನ ಮಂಡಿಗೆ ಆಗುವ ಮಾತಾಗಿರಲಿಲ್ಲ. ಅದನ್ನು ಅರ್ಥಮಾಡಿಕೊಂಡು, ಇಂಜೆಕ್ಷನ್ ಕೊಟ್ಟು ಎದೆಬಡಿತ ಏರಿಸಿ ಹೃದಯದ ಎಕೋ ಸ್ಕ್ಯಾನ್ ನೋಡಿದರು. ಆಂಜಿಯೋಗ್ರಾಂನಲ್ಲಿ ಎಡಭಾಗದ ದೊಡ್ಡ ರಕ್ತನಾಳ ಶೇ 90ರಷ್ಟು ಕಟ್ಟಿರುವುದು ಕಂಡಿತು. ಮಣಿಕಟ್ಟು ಊದಿದ್ದರಿಂದ ಅಲ್ಲಿನ ರಕ್ತನಾಳ ಬಿಟ್ಟು ತೊಡೆಯ ರಕ್ತನಾಳದ ಮೂಲಕ ಸ್ಟೆಂಟ್ ಹಾಕಿದರು.

ಆ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್, ನಿಮ್ಮ ಹೆಸರು ಕೇಳಲೂ ನನಗೆ ತೋಚಲಿಲ್ಲ. ಕಾಲು ಮಡಚದೆ ಮಲಗಿರಬೇಕಾಗಿತ್ತು. ಕರೆಗಂಟೆಯನ್ನು ಎಲ್ಲರಿಗೂ ಕೊಡುವಂತೆ ನನ್ನ ಕೈಗೂ ಕೊಟ್ಟು ಹೋದಿರಿ. ಬಾಗಿಲವರೆಗೆ ಹೋದವರು ತಿರುಗಿ ಬಂದಿರಿ. ನನ್ನ ಬೆರಳುಗಳನ್ನು ನೋಡಿ, ‘ಬೆಳಗಿನ ಜಾವ ಇವು ಮಡಚುವುದಿಲ್ಲ ಅಲ್ಲವೇ ಅಮ್ಮಾ?’ ಎಂದು ಗಂಟೆಯನ್ನು ಅಂಗೈಯ ಬುಡಕ್ಕೆ ಸರಿಯಾಗಿ ಬರುವಂತೆ ಹಾಸಿಗೆಯ ಅಂಚಿಗೆ ಕಟ್ಟಿದಿರಿ. ಒಮ್ಮೆ ಒತ್ತಿ ತೋರಿಸಿ ಎಂದಿರಿ, ಒತ್ತಿದೆ, ಗಂಟೆ ಬಾರಿಸಿತು. ಐದು ಗಂಟೆಗೆ ಎಚ್ಚರವಾದಾಗ ನೀವು ಹೇಳಿದಂತೆಯೇ ಒಂದು ಬೆರಳೂ ಮಡಚಲಿಲ್ಲ. ಆದರೆ ಹೆದರಿಕೆ ಆಗಲಿಲ್ಲ. ನಿಮ್ಮ ಕಾಲಿಗೆ ನನ್ನ ನಮಸ್ಕಾರ.

ಈಗ ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಇವುಗಳ ಜೊತೆಗೆ ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ನಡೆದಿದೆ. ಕೊಡುವ ಮೊದಲು ಕ್ಷಯ ಇಲ್ಲವೆಂದು ಖಚಿತಪಡಿಸಿಕೊಂಡರು. ಸಂಧಿವಾತದಲ್ಲಿ ಟಿಎನ್‌ಎಫ್ ತಡೆದರೆ ಉಪಯೋಗವಿದೆ ಎಂದು 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ನಮ್ಮ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ನಾಥ್ ಮೈನಿ. 2003ರಲ್ಲಿ ಅವರಿಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ಮಗಳು ಇದನ್ನು ಓದಿ ಹೇಳಿದ ದಿನ ದೇವರ ಮುಂದೆ ದೀಪ ಹಚ್ಚುವಾಗ ಅವರನ್ನೂ ನೆನೆದೆ. ಆ ಇಂಜೆಕ್ಷನ್ನಿನ ಬೆಲೆ ಕೇಳಿ ನಾನು ಬೇಡವೆಂದಾಗ, ‘ನೀನು ಸುಮ್ಮನಿರು’ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿ ಹಣ ತಂದಿಟ್ಟವರು ನನ್ನ ನಾದಿನಿ. ಅತ್ತಿಗೆ ಎಂದು ಕರೆಯುವವಳು ಅಂದು ಅಮ್ಮನ ಹಾಗೆ ಗದರಿದಳು.

ನಮ್ಮ ಮನೆಯವರಿಗೆ ಇಲ್ಲಿ ಏನು ಬರೆದರೂ ಅವರಿಗೆ ಮುಜುಗರ. ಹನ್ನೊಂದು ವರ್ಷದಿಂದ ರಾತ್ರಿಯ ಮುದ್ದೆ ಅವರದೇ. ಗಂಟಿಲ್ಲದೆ ತಿರುವುತ್ತಾರೆ, ಅಷ್ಟು ಹೇಳಿದರೆ ಅವರಿಗೆ ಸಾಕು.

ಕೊನೆಯದಾಗಿ ನಮ್ಮ ಒಂಬತ್ತನೇ ತರಗತಿಯ ಆ ಹುಡುಗಿಗೆ. ನಾನು ಹೇಳುತ್ತಾ ಹೋದ ಪದ್ಯಗಳನ್ನೆಲ್ಲ ಹೋದ ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನೀನು. ಒತ್ತಕ್ಷರ ಒಂದೂ ತಪ್ಪಲಿಲ್ಲ. ಕೇಳದೆಯೇ ಎದ್ದು ಬರುತ್ತಿದ್ದೆ, ಎಲ್ಲರ ಮುಂದೆ ನನ್ನ ಕೈಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಸೋಮವಾರ ಹೊಸ ಪದ್ಯ ಆರಂಭ. ಶೀರ್ಷಿಕೆಯನ್ನು ನಾನು ಬರೆಯುತ್ತೇನೆ ಮಗಳೇ, ಉಳಿದದ್ದನ್ನು ಎಂದಿನಂತೆ ನೀನು ಬರೆ.