ಇಂಚಿನ ಲೆಕ್ಕ ಸಾಲದು, ನೀರು ಮರಳುವುದನ್ನು ಅಳೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೇಸಿಗೆ ಬಂತೆಂದರೆ ಪುಣೆಯ ವಸತಿ ಸೊಸೈಟಿಗಳ ಸಭೆಗಳಲ್ಲಿ ಟ್ಯಾಂಕರ್ ಬಿಲ್ಲಿನ ಬೆನ್ನಿಗೇ ಹೊಸ ಬೋರ್‌ವೆಲ್ ಕೊರೆಸುವ ಮಾತು ಏಳುತ್ತದೆ. ಬಾವಧನದ ನಮ್ಮ ಸೊಸೈಟಿ ಮೂರು ವರ್ಷದ ಹಿಂದೆ ಕೊರೆಸಿದಾಗ, ಕೊರೆದವರು ಕೊಟ್ಟ ಚೀಟಿಯಲ್ಲಿ ‘ಎರಡು ಇಂಚು ನೀರು’ ಎಂದಷ್ಟೇ ಇತ್ತು. ಅದು ಆ ದಿನ ಗಾಳಿಯ ಒತ್ತಡಕ್ಕೆ ಹೊರಚಿಮ್ಮಿದ ನೀರಿನ ಅಳತೆಯೇ ಹೊರತು, ಕರಿಕಲ್ಲಿನ ಬಿರುಕುಗಳಲ್ಲಿರುವ ಒರತೆಯ ಅಳತೆಯಲ್ಲ. ಎರಡನೆಯ ಏಪ್ರಿಲ್‌ನಲ್ಲೇ ಪಂಪು ಗಾಳಿ ಎಳೆಯತೊಡಗಿತು.

ಪಂಪು ನಿಂತ ಮೇಲೆ ನೀರು ಯಾವ ವೇಗದಲ್ಲಿ, ಎಲ್ಲಿಯವರೆಗೆ ಮರಳಿ ಏರುತ್ತದೆ ಎಂಬುದೇ ಬಾವಿಯ ನಿಜವಾದ ಪರೀಕ್ಷೆ. ಅಮೆರಿಕದ ಅಂತರ್ಜಲ ವಿಜ್ಞಾನಿ ಥೈಸ್ 1935ರಲ್ಲೇ ಇದರ ಸೂತ್ರ ಕೊಟ್ಟಿದ್ದಾರೆ. ಪಂಪು ಓಡುವಾಗ ವೋಲ್ಟೇಜ್ ಏರಿಳಿದಂತೆ ನೀರಿನ ಮಟ್ಟವೂ ಅಲುಗಾಡುತ್ತದೆ. ನಿಂತ ಮೇಲೆ ಆ ಗೊಂದಲವಿಲ್ಲ.

ಕಳೆದ ಏಪ್ರಿಲ್‌ನ ಕೊನೆಯ ಭಾನುವಾರ ನಾವು ನಾಲ್ವರು ಇದನ್ನು ಮಾಡಿ ನೋಡಿದೆವು. ರಾತ್ರಿಯೆಲ್ಲ ಬಾವಿಗೆ ಬಿಡುವು ಕೊಟ್ಟು, ವಾಲ್ವನ್ನು ಅರ್ಧ ಮುಚ್ಚಿ, ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ಒಂದೇ ಸಮನೆ ನೀರೆತ್ತಿದೆವು. 200 ಲೀಟರಿನ ಡ್ರಮ್ಮು 3 ನಿಮಿಷಕ್ಕೆ ತುಂಬುತ್ತಿತ್ತು, ಎಂದರೆ ದಿನಕ್ಕೆ 96 ಘನ ಮೀಟರಿನ ದರ. ಪಂಪು ನಿಲ್ಲಿಸಿ ಟೇಪು ಇಳಿಬಿಟ್ಟು ಮಟ್ಟ ಬರೆಯುತ್ತ ಹೋದೆವು. 60ನೇ ನಿಮಿಷಕ್ಕೆ ನೀರು ಮೂಲ ಮಟ್ಟಕ್ಕಿಂತ 7.5 ಮೀಟರ್ ಕೆಳಗಿತ್ತು. ಪಂಪು ಆರಂಭವಾಗಿ ಆಗ 600 ನಿಮಿಷ, ಆದ್ದರಿಂದ ಈ ಎರಡು ಅವಧಿಗಳ ಅನುಪಾತ 600/60, ಎಂದರೆ 10. ಹೀಗೆ ಪ್ರತಿ ಅನುಪಾತಕ್ಕೂ ಉಳಿದ ಇಳಿತವನ್ನು (ನೀರು ಮೂಲ ಮಟ್ಟಕ್ಕಿಂತ ಇನ್ನೂ ಎಷ್ಟು ಕೆಳಗಿದೆ ಎಂಬುದನ್ನು) ಲಾಗ್ ಕಾಗದದ ಮೇಲೆ, ಎಂದರೆ ಅನುಪಾತದ ಪ್ರತಿ ಹತ್ತು ಪಟ್ಟು ಏರಿಕೆಗೂ ಸಮಾನ ಅಂತರವಿರುವ ಕಾಗದದ ಮೇಲೆ, ಗುರುತಿಸಿದಾಗ ಸರಳರೇಖೆ ಮೂಡಿತು. ಅನುಪಾತ ಹತ್ತು ಪಟ್ಟಾದಾಗ ಅದರ ಇಳಿಜಾರು 6 ಮೀಟರ್. ಥೈಸ್ ಸೂತ್ರದಿಂದ ಬರುವ ಸ್ಥಿರಾಂಕ 0.183ನ್ನು 96ರಿಂದ ಗುಣಿಸಿ 6ರಿಂದ ಭಾಗಿಸಿದರೆ ಬಂಡೆಯ ಜಲವಾಹಕತೆ (ತನ್ನೊಳಗೆ ನೀರನ್ನು ಹರಿಯಗೊಡುವ ಸಾಮರ್ಥ್ಯ) ದಿನಕ್ಕೆ ಸುಮಾರು 2.9 ಚದರ ಮೀಟರ್. ಇದು ಬಹಳ ಕಡಿಮೆ. ನನ್ನನ್ನು ಇದಕ್ಕಿಂತ ಹೆಚ್ಚು ಕಳವಳಕ್ಕೀಡು ಮಾಡಿದ್ದು ಬೇರೆ: ರೇಖೆಯನ್ನು ಅನುಪಾತ 1ರವರೆಗೆ, ಎಂದರೆ ಎಷ್ಟೇ ಹೊತ್ತು ಕಾದರೆ ಎಂಬ ಲೆಕ್ಕಕ್ಕೆ, ಎಳೆದರೂ 1.5 ಮೀಟರ್ ಕೊರತೆ ಉಳಿಯುತ್ತಿತ್ತು. ನೀರು ತುಂಬಿದ ಬಿರುಕುಗಳ ವಿಸ್ತಾರವೇ ಸೀಮಿತ ಎಂಬುದರ ಲಕ್ಷಣವದು. ಅಂಥಲ್ಲಿ ಪಕ್ಕದಲ್ಲೇ ಇನ್ನೊಂದು ಬೋರ್ ಕೊರೆದರೆ ಇದ್ದ ನೀರನ್ನೇ ಎರಡು ಕೊಳವೆಗಳಿಂದ ಹೀರಿದಂತಾಗುತ್ತದೆ.

ಮಾಡುವವರಿಗೆ ಎರಡು ಎಚ್ಚರಿಕೆ ಹೇಳಬೇಕು. ಪಂಪಿನ ತಡೆವಾಲ್ವು ಸೋರುತ್ತಿದ್ದರೆ, ನಿಲ್ಲಿಸಿದ ಕೂಡಲೇ ಮೇಲ್ಕೊಳವೆಯ ನೀರು ಬಾವಿಗೇ ಬಿದ್ದು ಒಂದೆರಡು ಮೀಟರಿನ ಸುಳ್ಳು ಏರಿಕೆ ತೋರಿಸುತ್ತದೆ. ಮೊದಲ ನಿಮಿಷಗಳ ಅಂಕಿಗಳನ್ನು ನಂಬಬಾರದು. ನೆರೆಯ ಬೋರ್‌ಗಳೂ ಆ ದಿನ ನಿಂತಿರಬೇಕು. ಜಲಸ್ತರ ಎಷ್ಟು ನೀರು ಹಿಡಿದಿಡಬಲ್ಲದು ಎಂಬುದು ಈ ಒಂದೇ ಬಾವಿಯ ಏರಿಕೆಯಿಂದ ಸಿಗದು. ಅದಕ್ಕೆ ಹತ್ತಿರದಲ್ಲಿ ವೀಕ್ಷಣಾ ಬಾವಿ ಬೇಕು.

ವಿಜಯಪುರದ ಹೊಲದಲ್ಲಿ ನಮ್ಮ ತಂದೆ ರಾತ್ರಿ ಬಾವಿಗೆ ಎಷ್ಟು ನೀರು ಊರಿತೆಂದು ಕಲ್ಲಿನ ಮೆಟ್ಟಿಲು ಎಣಿಸಿ, ಅದರ ಮೇಲೆ ಮರುದಿನದ ನೀರು ಹಾಯಿಸುತ್ತಿದ್ದರು. ಅಲ್ಲಿಯದೂ ಇಲ್ಲಿಯದೂ ಒಂದೇ ದಖ್ಖನ್ನಿನ ಕರಿಕಲ್ಲು. ಪುಣೆಯ ಸೊಸೈಟಿ ಸಮಿತಿಗಳಲ್ಲಿರುವ ಕನ್ನಡಿಗರಲ್ಲಿ ನನ್ನ ವಿನಂತಿ ಇಷ್ಟೇ: ಕೊರೆಯುವವರ ಬಿಲ್ಲಿಗೆ ಸಹಿ ಹಾಕುವ ಮೊದಲು ಇಂಚಿನ ಚೀಟಿಯ ಜೊತೆಗೆ ನೀರು ಮರಳಿ ಏರಿದ ಅಂಕಿಗಳ ಹಾಳೆಯನ್ನೂ ಕೇಳಿ ಪಡೆಯಿರಿ.

ಇತಿ,
ಓದುಗ, ಬಾವಧನ, ಪುಣೆ