ಬಾಟಲಿ ಮೇಲೆ ಊದ್ ಅಂತಿದ್ದರೆ, ಒಳಗೆ ಏನಿದೆ ಅಂತಲೂ ಬರೆಯಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸುಗಂಧದ್ರವ್ಯಗಳ ಬಗ್ಗೆ ಬಂದ ಬರಹವನ್ನು ಖುಷಿಯಿಂದ ಓದಿದೆ. ಅದರಲ್ಲಿ ಊದ್ ಬಗ್ಗೆ ಮೂರೇ ಮಾತು ಇತ್ತು. ಅದು ದುಬಾರಿ ಮರ, ಅರಬರಿಗೆ ಬಹಳ ಇಷ್ಟ, ಈಗ ಎಲ್ಲ ಪರ್ಫ್ಯೂಮ್‌ಗಳಲ್ಲೂ ಸಿಗುತ್ತದೆ ಅಂತ. ಮೊದಲ ಎರಡು ಸರಿ. ಮೂರನೆಯದಕ್ಕೆ ನನ್ನ ತಕರಾರಿದೆ. ಎಲ್ಲ ಕಡೆ ಸಿಗುತ್ತಿರುವುದು ಊದ್ ಅನ್ನುವ ಹೆಸರು. ಆ ಬಾಟಲಿಗಳಲ್ಲಿ ಹೆಚ್ಚಿನವುಗಳ ಒಳಗೆ ಮರದಿಂದ ಬಂದ ಊದ್ ಒಂದು ಹನಿಯೂ ಇರುವುದಿಲ್ಲ.

ನಾನು ಶಾರ್ಜಾದ ಲಾಂಡ್ರಿಯೊಂದರಲ್ಲಿ ಬಹಳ ವರ್ಷ ಇಸ್ತ್ರಿ ಮಾಡಿದವನು. ಸೆಂಟು ತಯಾರಿಸಿದವನಲ್ಲ, ಮಾರಿದವನೂ ಅಲ್ಲ. ಆದರೆ ಇಸ್ತ್ರಿಯ ಹಬೆ ತಾಗಿದ ಕೂಡಲೇ ಬಟ್ಟೆಯಲ್ಲಿ ಅಡಗಿದ ವಾಸನೆಯೆಲ್ಲ ಎದ್ದು ಮುಖಕ್ಕೆ ಬರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ. ಗಂಡಸರ ಬಿಳಿ ನಿಲುವಂಗಿ ಕಂದೂರಾ, ಹೆಂಗಸರ ಕಪ್ಪು ಅಬಾಯಾ, ಮದುವೆಗೆ ಮೇಲೆ ಹಾಕಿಕೊಳ್ಳುವ ಉಣ್ಣೆಯ ಮೇಲಂಗಿ ಬಿಶ್ತ್. ಯಾವ ಬಟ್ಟೆಗೆ ಊದ್ ಮರದ ಚಕ್ಕೆಯ ಹೊಗೆ ಹಿಡಿಸಿದ್ದಾರೆ, ಯಾವುದಕ್ಕೆ ಎಣ್ಣೆ ತಾಗಿದೆ, ಯಾವುದಕ್ಕೆ ಸ್ಪ್ರೇ ಹೊಡೆದಿದ್ದಾರೆ ಅಂತ ಹಬೆಯಲ್ಲೇ ತಿಳಿಯುತ್ತಿತ್ತು. ಊದ್ ಮೇಲಿನ ಪ್ರೀತಿ ನನಗೆ ಹುಟ್ಟಿದ್ದು ಅಲ್ಲಿ.

ನಮ್ಮ ಹಳೆಯ ಪುಸ್ತಕಗಳಲ್ಲಿ ಅಗರು ಅಂತ ಬರುತ್ತದಲ್ಲ, ಅದೇ ಇದು. ಅಸ್ಸಾಂ, ಸಿಲ್ಹೆಟ್‌ನಿಂದ ಹಿಡಿದು ಕಾಂಬೋಡಿಯಾ, ವಿಯೆಟ್ನಾಂ, ಮಲೇಷ್ಯಾ, ಇಂಡೋನೇಷ್ಯಾದವರೆಗೆ ಬೆಳೆಯುವ ಅಕ್ವಿಲೇರಿಯಾ ಮರಗಳಲ್ಲಿ ಹುಟ್ಟುತ್ತದೆ. ಆರೋಗ್ಯವಾಗಿರುವ ಮರವನ್ನು ಕಡಿದು ಮೂಸಿದರೆ ಏನೂ ಇಲ್ಲ. ಬಿಳಿಚಿಕೊಂಡ, ಹಗುರವಾದ ಮೆತ್ತನೆ ಮರ. ಕಾಂಡ ಕೊರೆಯುವ ಹುಳು ತೂತು ಮಾಡಿದಾಗಲೋ ಕೊಂಬೆ ಮುರಿದಾಗಲೋ ಆ ಗಾಯದ ದಾರಿಯಲ್ಲಿ ಶಿಲೀಂಧ್ರ ಒಳಗೆ ಹೋಗುತ್ತದೆ. ಅದನ್ನು ತಡೆಯಲು ಮರ ತನ್ನೊಳಗೆ ರಾಳ ತುಂಬಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಆ ಭಾಗ ಕಪ್ಪಾಗಿ ಗಟ್ಟಿಯಾಗುತ್ತದೆ. ರಾಳ ಚೆನ್ನಾಗಿ ತುಂಬಿದ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಅದೇ ಮರದ ಬಿಳಿ ಭಾಗ ತೇಲುತ್ತದೆ.

ಇದರ ಬೆಲೆ ಇವತ್ತು ಏರಿದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಭಂಡಾರಕ್ಕೆ ಸೇರಬೇಕಾದ ವಸ್ತುಗಳ ಸಾಲಿನಲ್ಲಿ ಅಗರು ಇದೆ. ಜಪಾನಿನ ನಾರಾದಲ್ಲಿ ಶೋಸೋಯಿನ್ ಅನ್ನುವ ಭಂಡಾರ ಇದೆ. ಅಲ್ಲಿ 156 ಸೆಂಟಿಮೀಟರ್ ಉದ್ದ, 11.6 ಕಿಲೋ ತೂಕದ ಒಂದು ಅಗರಿನ ಕೊರಡು ಇಟ್ಟಿದ್ದಾರೆ. 1574ರಲ್ಲಿ ಅಲ್ಲಿನ ಸೇನಾನಾಯಕ ಓಡಾ ನೊಬುನಾಗ ಅದರಿಂದ ಚೂರು ಕತ್ತರಿಸಿಕೊಂಡ. 1877ರಲ್ಲಿ ಮೇಜಿ ಚಕ್ರವರ್ತಿಗೂ ಒಂದು ಚೂರು ಹೋಯಿತು. ಯಾರ ಕಾಲದಲ್ಲಿ ಯಾರು ಕತ್ತರಿಸಿದರು ಅಂತ ಕೊರಡಿನ ಮೇಲೇ ಚೀಟಿ ಅಂಟಿಸಿ ಗುರುತು ಇಟ್ಟಿದ್ದಾರೆ. ನನಗೆ ಇದು ಬಹಳ ಹಿಡಿಸಿದ ವಿಷಯ.

ಇನ್ನು ಬಳಕೆ. ನಿಮ್ಮ ಬರಹದಲ್ಲಿ ಇದು ಏನೂ ಇರಲಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚಕ್ಕೆ ಸುಡುವುದು ಅಂತಾರೆ. ನಿಜಕ್ಕೂ ಅದು ಸುಡಬಾರದು. ನಮ್ಮಲ್ಲಿಗೆ ಬರುತ್ತಿದ್ದ ಹಿರಿಯ ಗಿರಾಕಿಯೊಬ್ಬರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿಕೊಟ್ಟಿದ್ದರು. ಧೂಪದಾನಿಯಲ್ಲಿ ಇದ್ದಿಲು ಹೊತ್ತಿಸಿ, ಮೇಲೆ ಬೂದಿ ಕವಿಯುವವರೆಗೆ ಕಾಯಬೇಕು. ನಿಗಿನಿಗಿ ಕೆಂಡಕ್ಕೆ ಚಕ್ಕೆ ಹಾಕಿದರೆ ಬರೀ ಸುಟ್ಟ ಕಟ್ಟಿಗೆ ವಾಸನೆ, ಕಣ್ಣುರಿ. ಬೂದಿ ಕವಿದ ಮೇಲೆ ಉಗುರಿನಷ್ಟು ಚಕ್ಕೆಯನ್ನು ಕೆಂಡದ ಅಂಚಿಗೆ ಇಡಬೇಕು. ತುಸು ಹೊತ್ತಿಗೆ ಚಕ್ಕೆಯ ಕಪ್ಪು ಗೆರೆಗಳು ಬೆವರುತ್ತವೆ. ರಾಳ ಸಣ್ಣ ಸಣ್ಣ ಗುಳ್ಳೆಯಾಗಿ ಕುದಿಯುತ್ತದೆ. ಆಗ ಏಳುವ ಹೊಗೆ ತೆಳ್ಳಗೆ, ಸ್ವಲ್ಪ ಸಿಹಿ. ಗುಳ್ಳೆ ನಿಂತಿತು ಅಂದರೆ ಒಳ್ಳೆಯ ಭಾಗ ಮುಗಿಯಿತು, ಚಕ್ಕೆ ತೆಗೆದುಬಿಡಬೇಕು. ಅವರು ಬಿಶ್ತನ್ನು ಧೂಪದಾನಿಯ ಮೇಲೆ ಡೇರೆ ಥರ ಹಿಡಿದು ಹೊಗೆಯನ್ನು ಒಳಗೇ ತುಂಬಿಸುತ್ತಿದ್ದರು. ಉಣ್ಣೆ ಆ ಹೊಗೆಯನ್ನು ದಿನಗಟ್ಟಲೆ ಬಿಡುವುದಿಲ್ಲ.

ಎಣ್ಣೆಯ ಕಥೆ ಬೇರೆ. ರಾಳವಿರುವ ಮರವನ್ನು ಚೂರು ಮಾಡಿ ದಿನಗಟ್ಟಲೆ, ಕೆಲವು ಕಡೆ ವಾರಗಟ್ಟಲೆ ನೀರಲ್ಲಿ ನೆನೆಹಾಕಿ ಭಟ್ಟಿ ಇಳಿಸುತ್ತಾರೆ. ಎಷ್ಟೋ ಮರಕ್ಕೆ ಸ್ವಲ್ಪವೇ ಎಣ್ಣೆ. ನೆನೆದು ಹುಳಿತ ವಾಸನೆ ಎಣ್ಣೆಗೂ ಇಳಿಯುತ್ತದೆ. ಕೊಲ್ಲಿಯಲ್ಲಿ ಹಿಂದಿ ಅಂತ ಕರೆಯುವ ನಮ್ಮ ಅಸ್ಸಾಂ ಕಡೆಯ ಎಣ್ಣೆಯಲ್ಲಿ ಇದು ಜಾಸ್ತಿ. ಮಣಿಕಟ್ಟಿಗೆ ಹಚ್ಚಿದ ತಕ್ಷಣ ದನದ ಕೊಟ್ಟಿಗೆ, ಹಸಿ ಚರ್ಮದ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸಬರು ಇಲ್ಲೇ ಮುಖ ಸಿಂಡರಿಸಿ ಕೈ ತೊಳೆಯಲು ಹೋಗುತ್ತಾರೆ. ದಯವಿಟ್ಟು ತೊಳೆಯಬೇಡಿ, ಕಾಯಿರಿ. ಅರ್ಧ ಗಂಟೆ ಕಳೆದರೆ ಕೊಟ್ಟಿಗೆ ಹಿಂದೆ ಸರಿದು ಮರ ಮುಂದೆ ಬರುತ್ತದೆ. ಆಮೇಲೆ ಒಣಗಿದ ಚರ್ಮ, ಸ್ವಲ್ಪ ಜೇನು. ರಾತ್ರಿ ಮಲಗುವಾಗ ಅದೇ ಮಣಿಕಟ್ಟು ಮೂಸಿದರೆ ಬೆಳಿಗ್ಗೆ ಹಚ್ಚಿದ್ದು ಇದೇನಾ ಅನ್ನಿಸುತ್ತದೆ. ಕಂಬೋಡಿ ಅನ್ನುವ ಬಗೆ ಮೊದಲಿಂದಲೇ ಸಿಹಿ, ಹಣ್ಣಿನ ಕಡೆಗೆ ವಾಲಿದ್ದು. ಹೊಸಬರು ಅದರಿಂದ ಶುರು ಮಾಡಬಹುದು.

ಜನ ಊದ್‌ಗೆ ಮರುಳಾಗುವುದು ಅದು ಘಾಟು ಅಂತಲ್ಲ. ಅದು ದಿನವಿಡೀ ಬದಲಾಗುತ್ತದೆ, ಅದಕ್ಕೆ. ಗುಲಾಬಿಯ ಜೊತೆ ಸೇರಿಸಿದರಂತೂ ಕೇಳಬೇಡಿ. ಗುಲಾಬಿಯ ಸಿಹಿಯನ್ನು ಊದ್ ತಗ್ಗಿಸುತ್ತದೆ, ಊದ್‌ನ ಒರಟನ್ನು ಗುಲಾಬಿ ತಿದ್ದುತ್ತದೆ. ಅರಬರು ಈ ಜೋಡಿಯನ್ನು ಎಷ್ಟೋ ಕಾಲದಿಂದ ಬಳಸುತ್ತಿದ್ದಾರೆ.

ಒಂದು ಕೆಲಸದ ಮಾತು. ಎಣ್ಣೆಯನ್ನು ಬಿಳಿ ಬಟ್ಟೆಗೆ ಹಚ್ಚಬೇಡಿ. ಕಂದು ಕಲೆ ಬೀಳುತ್ತದೆ, ಅದನ್ನು ತೆಗೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಎಣ್ಣೆ ಚರ್ಮಕ್ಕೆ, ಹೊಗೆ ಬಟ್ಟೆಗೆ. ಎಣ್ಣೆಯೂ ಕಡ್ಡಿಯ ತುದಿಯಲ್ಲಿ ಅಂಟಿದಷ್ಟು ಸಾಕು.

ಈಗ ನನ್ನ ತಕರಾರಿಗೆ ಬರುತ್ತೇನೆ. 2002ರಲ್ಲಿ ಈವ್ ಸೇಂಟ್ ಲಾರೆಂಟ್ ಕಂಪನಿಯ ಎಂ7, 2007ರಲ್ಲಿ ಟಾಮ್ ಫೋರ್ಡ್ ಅವರ ಊದ್ ವುಡ್ ಬಂದವು. ಅಲ್ಲಿಂದ ಪಶ್ಚಿಮದ ಕಂಪನಿಗಳೆಲ್ಲ ಊದ್ ಹಿಂದೆ ಬಿದ್ದವು. ಇಷ್ಟೊಂದು ಬಾಟಲಿಗೆ ಆಗುವಷ್ಟು ಎಣ್ಣೆ ಎಲ್ಲಿಂದ ಬರಬೇಕು? ಬರುವುದಿಲ್ಲ. ಹಾಗಾಗಿ ಸುಗಂಧ ತಯಾರಕರು ಬೇರೆ ಬೇರೆ ವಸ್ತು ಸೇರಿಸಿ ಊದ್ ಥರದ ಪರಿಮಳ ಕಟ್ಟುತ್ತಾರೆ. ನಾಗರಮೋಥಾ ಗಡ್ಡೆಯ ಎಣ್ಣೆ, ಪಚೌಲಿ, ಕೇಸರಿಯ ಘಮ ಕೊಡುವ ವಸ್ತುಗಳು, ಲ್ಯಾಬಿನಲ್ಲಿ ಮಾಡಿದ ಮರದ ಪರಿಮಳಗಳು. ಇದು ದೊಡ್ಡ ಕಸುಬು, ಅದರ ಬಗ್ಗೆ ನನಗೆ ಗೌರವ ಇದೆ. ಹೀಗೆ ಕಟ್ಟಿದ ಕೆಲವು ಪರಿಮಳಗಳು ತುಂಬಾ ಚೆನ್ನಾಗಿರುತ್ತವೆ. ಒಂದು ಮರವನ್ನೂ ಕಡಿಯದೆ ಇಷ್ಟು ಜನಕ್ಕೆ ಊದ್‌ನ ರುಚಿ ಹತ್ತಿಸಿದ್ದೂ ಅವೇ.

ಆದರೆ ಡಬ್ಬಿ ತಿರುಗಿಸಿ ನೋಡಿ. ಮುಂದೆ ದೊಡ್ಡದಾಗಿ ಊದ್. ಹಿಂದೆ ಆಲ್ಕೋಹಾಲ್, ನೀರು, ಪರ್ಫ್ಯೂಮ್, ಆಮೇಲೆ ಅಲರ್ಜಿ ತರಬಹುದಾದ ಕೆಲವು ವಸ್ತುಗಳ ಹೆಸರು. ಆ ಪರ್ಫ್ಯೂಮ್ ಅನ್ನುವ ಒಂದು ಪದದೊಳಗೆ ಮರದ ಎಣ್ಣೆ ಇದೆಯೋ ಇಲ್ಲವೋ ಅಂತ ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ. ಅಂಗಡಿಯವರನ್ನು ಕೇಳಿದರೆ ಎಲ್ಲವೂ ಅಸಲಿ. ಎರಡು ದಿನ ಆದರೂ ಬಟ್ಟೆಯಿಂದ ಹೋಗಲ್ಲ, ಅಷ್ಟು ಅಸಲಿ ಅಂತಾರೆ. ಇಸ್ತ್ರಿ ಮೇಜಿನ ಮುಂದೆ ನಿಂತು ಹೇಳುತ್ತೇನೆ, ಅದನ್ನು ನಂಬಬೇಡಿ. ಬಟ್ಟೆಯಲ್ಲಿ ಹಟ ಹಿಡಿದು ಕೂರುವುದರಲ್ಲಿ ಲ್ಯಾಬಿನ ಮರದ ಪರಿಮಳಗಳೇ ಮುಂದು. ಒಗೆದ ಮೇಲೂ ಹಬೆ ತಾಗಿದಾಗ ಸೂಜಿಯಂತೆ ಮೂಗಿಗೆ ಬರುತ್ತಿದ್ದದ್ದು ಅವು. ಎಷ್ಟು ಹೊತ್ತು ಇರುತ್ತದೆ ಅನ್ನುವುದಕ್ಕಿಂತ ಹೊತ್ತು ಕಳೆದಂತೆ ಬದಲಾಗುತ್ತದೆಯೋ ಇಲ್ಲವೋ ಅಂತ ನೋಡುವುದು ಒಳ್ಳೆಯದು.

ಚಕ್ಕೆಯಲ್ಲೂ ಮೋಸ ಕಡಿಮೆ ಇಲ್ಲ. ರಾಳವೇ ಇಲ್ಲದ ಮರಕ್ಕೆ ಬಣ್ಣ, ಎಣ್ಣೆ ಕುಡಿಸಿ ಕಪ್ಪಗೆ ಹೊಳೆಯುವಂತೆ ಮಾಡಿ ಮಾರುತ್ತಾರೆ. ಅಸಲಿ ಚಕ್ಕೆಯಲ್ಲಿ ಕಪ್ಪು ಗೆರೆ, ಕಂದು ಗೆರೆ ಏರುಪೇರಾಗಿ ಓಡಿರುತ್ತವೆ. ಎಲ್ಲ ಕಡೆ ಒಂದೇ ಕಪ್ಪು ಇದ್ದರೆ ಅನುಮಾನಪಡಿ.

ಹಣ ಹೋಗುವುದು ಒಂದು ಕಡೆ ಇರಲಿ. ನನಗೆ ಹೆಚ್ಚು ನೋವಾಗುವುದು ಮರದ ವಿಷಯಕ್ಕೆ. ಕಾಡಿನಲ್ಲಿರುವ ಎಲ್ಲ ಮರದಲ್ಲೂ ರಾಳ ಇರುವುದಿಲ್ಲ, ಹೊರಗಿಂದ ನೋಡಿ ಹೇಳುವುದೂ ಸುಲಭವಲ್ಲ. ಹುಡುಕುತ್ತಾ ಹೋದವರು ಸುಮ್ನೆ ಕಡಿದು ಬಿಟ್ಟು ಹೋದ ಮರಗಳು ಎಷ್ಟೋ. ಅಸ್ಸಾಂನ ಜಾತಿಯಾದ ಅಕ್ವಿಲೇರಿಯಾ ಮಲಾಕೆನ್ಸಿಸ್ ಇವತ್ತು ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಈ ಜಾತಿ 1995ರಲ್ಲಿ ಸೇರಿತು. 2004ರ ಸಭೆಯಲ್ಲಿ ಅಕ್ವಿಲೇರಿಯಾ ಮತ್ತು ಅದರ ನೆಂಟ ಜಿರಿನಾಪ್ಸ್, ಎರಡರ ಎಲ್ಲ ಜಾತಿಗಳನ್ನೂ ಸೇರಿಸಿದರು. ಇದು ನಿಷೇಧವಲ್ಲ. ಚಕ್ಕೆ, ಎಣ್ಣೆ ಗಡಿ ದಾಟಬೇಕಾದರೆ ಪರವಾನಗಿ ಬೇಕು ಅಷ್ಟೇ. ಆದರೆ ಮಾರಾಟಕ್ಕೆ ಸಿದ್ಧವಾಗಿ ಪ್ಯಾಕ್ ಆದ ಪರ್ಫ್ಯೂಮ್‌ಗೆ ಆ ನಿಯಮ ಅನ್ವಯಿಸುವುದಿಲ್ಲ. ಅಂದರೆ ಚಕ್ಕೆ, ಎಣ್ಣೆ ಗಡಿ ದಾಟಿ ಕಂಪನಿಗೆ ಹೋಗುವಾಗ ಜೊತೆಗೆ ಕಾಗದ ಬರುತ್ತದೆ. ನಾವು ಕೊಳ್ಳುವ ಬಾಟಲಿಗೆ ಬರುವಾಗ ಆ ಕಾಗದ ಕಾಣೆಯಾಗುತ್ತದೆ.

ಅಸ್ಸಾಂನಲ್ಲಿ ಇವತ್ತು ಈ ಮರವನ್ನು ಮನೆಯ ಹಿತ್ತಲಲ್ಲೇ ಬೆಳೆಸುತ್ತಾರೆ, ಹೋಜಾಯಿಯಲ್ಲಿ ಭಟ್ಟಿ ಇಳಿಸುತ್ತಾರೆ. ಗಿಡ ನೆಟ್ಟು, ಹುಳು ಬೀಳಲು ಕಾದು, ವರ್ಷಗಳ ನಂತರ ಕೈಗೆ ನಾಲ್ಕು ಕಾಸು ನೋಡುವ ಜನ ಅವರು. ಅವರ ಎಣ್ಣೆಗೂ ಲ್ಯಾಬಿನ ಮಿಶ್ರಣಕ್ಕೂ ಒಂದೇ ಹೆಸರು ಹಾಕಿ ಮಾರುವುದು ಅವರಿಗೆ ಮಾಡುವ ಅನ್ಯಾಯ ಅಲ್ವಾ?

ನಾನು ಕೇಳುವುದು ದೊಡ್ಡದೇನಲ್ಲ. ಊದ್ ಅಂತ ಹೆಸರಿಟ್ಟ ಬಾಟಲಿಯ ಮೇಲೆ ಒಂದು ಸಾಲು ಇರಲಿ. ಮರದ ಎಣ್ಣೆ ಇದೆ ಅಥವಾ ಇಲ್ಲ ಅಂತ. ಇದ್ದರೆ ಯಾವ ದೇಶದ್ದು, ಕಾಡಿನದೋ ಬೆಳೆಸಿದ್ದೋ ಅಂತ. ಕಾಫಿ ಪುಡಿಯಲ್ಲಿ ಚಿಕೋರಿ ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯುತ್ತಾರೆ, ಜನ ನೋಡಿ ತಮಗೆ ಬೇಕಾದ್ದನ್ನು ಕೊಳ್ಳುತ್ತಾರೆ. ಇಲ್ಲಿಯೂ ಅಷ್ಟೇ ಆಗಬೇಕಾದ್ದು. ನಿಯಮ ಬರುವವರೆಗೆ ಓದುಗರು ಕೊಳ್ಳುವ ಮೊದಲು ಅಂಗಡಿಯಲ್ಲಿ ಈ ಪ್ರಶ್ನೆ ಕೇಳಲಿ, ಕಂಪನಿಗೆ ಬರೆದು ಕೇಳಲಿ. ನಿಮ್ಮ ಪತ್ರಿಕೆಯೂ ಮುಂದಿನ ಸಲ ಊದ್ ಪರ್ಫ್ಯೂಮ್ ಬಗ್ಗೆ ಬರೆಯುವಾಗ ಹೆಸರಿನ ಪಕ್ಕದಲ್ಲಿ ಇದನ್ನು ವಿಚಾರಿಸಿ ಪ್ರಕಟಿಸಬೇಕು ಅಂತ ಕೋರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಶಾರ್ಜಾದಲ್ಲಿ ಇಸ್ತ್ರಿ ಕೆಲಸ ಮಾಡಿ ಮರಳಿದ ಒಬ್ಬ ಓದುಗ