ಆ ಹಣ್ಣನ್ನು ಗಿಡದಲ್ಲೇ ಬಿಡು

ಪ್ರೀತಿಯ ಪುಟ್ಟಿ,

“ಅಮ್ಮಾ, ಈ ಸಲ ಟೊಮೆಟೊ ಬೀಜ ನಾನೇ ತೆಗೆದಿಡ್ತೀನಿ” ಅಂತ ನಿನ್ನೆ ನೀನು ಅಂದ ಮೇಲೆ ನನಗೆ ಬೇರೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಅದಕ್ಕೇ ಈ ಕಾಗದ.

ಎಲ್ಲಕ್ಕಿಂತ ದಪ್ಪ ಹಣ್ಣು ಯಾವುದು ಅಂತ ಹುಡುಕಬೇಡ, ಎಲ್ಲಕ್ಕಿಂತ ಗಟ್ಟಿಮುಟ್ಟಾದ ಗಿಡ ಯಾವುದು ಅಂತ ನೋಡು. ಎಲೆ ಮುರುಟದ, ಮಚ್ಚೆ ಬೀಳದ, ಬಿಡದೆ ಕಾಯಿ ಕೊಟ್ಟ ಗಿಡ. ಅದರ ದೊಡ್ಡ ಹಣ್ಣಿಗೂ ಚಿಕ್ಕ ಹಣ್ಣಿಗೂ ತಾಯಿ ಒಬ್ಬಳೇ ತಾನೆ? ಎರಡು ಮೂರು ಹಣ್ಣಿಗೆ ದಾರ ಕಟ್ಟಿ ಗುರುತು ಮಾಡಿ, ತಿನ್ನುವ ಹದ ದಾಟಿ ಮೆತ್ತಗಾಗುವವರೆಗೂ ಗಿಡದಲ್ಲೇ ಬಿಡು. ಮೊದಲ ವರ್ಷ ಇದೇ ಕಷ್ಟ, ಕೈ ತಾನಾಗಿ ಹಣ್ಣಿನ ಕಡೆ ಹೋಗುತ್ತದೆ.

ಬೀಜ ತಂದ ಪೊಟ್ಟಣದ ಮೇಲೆ ‘ಎಫ್‌1’ ಅಂತ ಇದೆಯಾ? ಇದ್ದರೆ ಅದು ಹೈಬ್ರಿಡ್, ಅಂದರೆ ಎರಡು ಬೇರೆ ತಳಿ ಬೆರೆಸಿ ಮಾಡಿದ್ದು. ಅದರ ಬೀಜವೂ ಮೊಳೆಯುತ್ತದೆ, ಆದರೆ ಒಂದೊಂದು ಸಸಿ ಒಂದೊಂದು ಥರ ಆಗಬಹುದು. ನಾಟಿ ತಳಿಯಾದರೆ ಚಿಂತೆಯಿಲ್ಲ. ಟೊಮೆಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಪಕ್ಕದ ತಳಿಯೊಂದಿಗೆ ಬೆರಕೆಯಾಗುವುದು ಕಡಿಮೆ.

ಇನ್ನು ಲೋಳೆಯ ವಿಷಯ. ಹಣ್ಣಿನೊಳಗೆ ಅಷ್ಟು ತೇವ ಇದ್ದರೂ ಬೀಜ ಯಾಕೆ ಅಲ್ಲೇ ಮೊಳೆಯುವುದಿಲ್ಲ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ, ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಬೀಜದ ಸುತ್ತ ಇರುವ ಲೋಳೆಯಲ್ಲೇ ಮೊಳಕೆಯನ್ನು ತಡೆಯುವ ಅಂಶ ಇದೆ. ಅದನ್ನು ಕಳಚಲಿಕ್ಕೆ ಹುಳಿ ಬರಿಸಬೇಕು. ಹಣ್ಣು ಅಡ್ಡ ಕೊಯ್ದು ಬೀಜ, ರಸ ಎಲ್ಲ ಗಾಜಿನ ಲೋಟಕ್ಕೆ ಹಿಂಡು. ಸ್ವಲ್ಪ ನೀರು ಹಾಕಿ, ತೆಳು ಬಟ್ಟೆ ಮುಚ್ಚಿ, 2–3 ದಿನ ಬೆಚ್ಚಗಿನ ಕಡೆ ಇಡು. ದಿನಕ್ಕೊಮ್ಮೆ ಕಲಕು. ನಾತ ಬರುತ್ತದೆ, ಮೇಲೆ ಬಿಳಿ ಬೂಷ್ಟು ಕಟ್ಟಬಹುದು. ಕೆಟ್ಟಿತು ಅಂತ ಚೆಲ್ಲಿಬಿಡಬೇಡ! ಆದರೆ ಮರೆತು ಬಿಡಲೂಬೇಡ. ಒಮ್ಮೆ ನಾನು ವಾರ ಪೂರ್ತಿ ಬಿಟ್ಟಿದ್ದೆ, ಬೀಜಗಳು ಲೋಟದಲ್ಲೇ ಬಿಳಿ ಬಾಲ ಚಾಚಿದ್ದವು. ಅಷ್ಟೂ ಹೋಯಿತು. ಅವತ್ತಿನ ಸಂಕಟ ಇನ್ನೂ ನೆನಪಿದೆ.

ಆಮೇಲೆ ನೀರು ತುಂಬಿಸಿ ಬಗ್ಗಿಸು. ಜೊಳ್ಳು ತೇಲಿಹೋಗುತ್ತದೆ, ಗಟ್ಟಿ ಬೀಜ ತಳದಲ್ಲಿ ಉಳಿಯುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು ಜರಡಿಯಲ್ಲಿ ಸೋಸಿ, ಪಿಂಗಾಣಿ ತಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡು. ಕಾಗದದ ಮೇಲೆ ಬೇಡ, ಅಂಟಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಬಿಸಿಲಿಗೂ ಇಡಬೇಡ, ನೆರಳಲ್ಲಿ ಗಾಳಿಯಾಡಲಿ. ದಿನಕ್ಕೆರಡು ಸಲ ಕೈಯಾಡಿಸು. ಒಣಗಿದ ಬೀಜದ ಮೈಮೇಲೆ ಸಣ್ಣ ನವಿರು ಕಾಣುತ್ತದೆ, ಅದು ಬೂಷ್ಟಲ್ಲ, ಹೆದರಬೇಡ.

ಪೂರ್ತಿ ಒಣಗಿದ ಮೇಲೆ ಕಾಗದದ ಲಕೋಟೆಗೆ ಹಾಕಿ, ಲಕೋಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ತಂಪಾಗಿ, ಒಣಗಿದ್ದರೆ 4–5 ವರ್ಷ ಬಾಳುತ್ತದೆ. ತಳಿಯ ಹೆಸರು, ವರ್ಷ ಅವತ್ತೇ ಬರೆದುಬಿಡು. ಒಂದು ಟೊಮೆಟೊ ಬೀಜ ನೋಡಲು ಇನ್ನೊಂದರಂತೆಯೇ ಇರುತ್ತದೆ.

ನನಗೂ ಹತ್ತು ಬೀಜ ಎತ್ತಿಡು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಅಂತ ಬರೆದು ತಿಳಿಸುತ್ತೇನೆ. ಮೊಳೆತದ್ದನ್ನು ಇಲ್ಲೇ ನೆಡುತ್ತೇನೆ.

ನಿನ್ನ
ಅಮ್ಮ